ಬಟ್ಟೆಗೆ ಹದ ಬಂದ ಮೇಲೆ ಬಣ್ಣ

ಪುನರ್ವಸು ಮಳೆ ಹಿಡಿದುಕೊಂಡರೆ ಮುಂಡಗೋಡದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾಗುತ್ತದೆ. ಅಂಥದೊಂದು ದಿನ, ಚೌಕಟ್ಟಿಗೆ ಬಿಗಿದು ಸರೇಸು ಬಳಿದಿಟ್ಟ ಹತ್ತಿ ಬಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ. ಚೈತ್ರದಲ್ಲಿ ಹಲಗೆಯ ಹಾಗೆ ಕಣಕಣ ಎನ್ನುತ್ತಿದ್ದ ಅದೇ ಬಟ್ಟೆ ಈಗ ಒದ್ದೆ ಕಂಬಳಿಯಂತೆ ಮೂಕವಾಗಿರುತ್ತದೆ. ಊರಿನ ಹಲಗೆ ಬಾರಿಸುವವರಿಗೆ ಇದರ ಕಾರಣ ಹೇಳಿಕೊಡಬೇಕಿಲ್ಲ. ಮಳೆಗಾಲದ ಜಾತ್ರೆಯಲ್ಲಿ ಅವರು ಮೊದಲು ಒಂದಿಷ್ಟು ಹುಲ್ಲು ಹೊತ್ತಿಸಿ, ಚರ್ಮವನ್ನು ಕಾಯಿಸಿ, ಸದ್ದು ಕೇಳಿ, ಆಮೇಲೆ ಬಾರಿಸುತ್ತಾರೆ. ಸರೇಸು ಎಂದರೂ ಚರ್ಮವೇ ತಾನೆ, ಕುದಿಸಿ ಇಳಿಸಿದ ಚರ್ಮ. ಅದಕ್ಕೂ ಹವೆಯ ನೀರು ಕುಡಿಯುವ ಗುಣ ಹೋಗಿರುವುದಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಚಿತ್ರ ಬರೆಯುವ ಗೆಳೆಯರು ಸಿಕ್ಕಾಗಲೆಲ್ಲ ಮಾತು ಬಣ್ಣದ ಸುತ್ತಲೇ ತಿರುಗುತ್ತದೆ. ಯಾವ ಕಂಪನಿಯ ಟ್ಯೂಬು ಒಳ್ಳೆಯದು, ಯಾವ ಕುಂಚ ಬಾಳುತ್ತದೆ, ಬೆಳಗಾವಿಯಲ್ಲಿ ಏನು ಸಿಗುತ್ತದೆ, ಹುಬ್ಬಳ್ಳಿಯಲ್ಲಿ ಏನು ಸಿಗುತ್ತದೆ. ಬಣ್ಣ ಕೂರುವ ನೆಲದ ಬಗ್ಗೆ ಕೇಳುವವರು ಕಡಿಮೆ. ಆದರೆ ನಮ್ಮ ಮಗ್ಗುಲಲ್ಲೇ, ಮುಂಡಗೋಡದ ಟಿಬೆಟಿಯನ್ ಕ್ಯಾಂಪುಗಳಲ್ಲಿ, ನೆಲದ ಕೆಲಸಕ್ಕೇ ದಿನಗಟ್ಟಲೆ ಕೊಡುವ ಒಂದು ಚಿತ್ರವಿದ್ಯೆಗೆ ಮನ್ನಣೆ ಇದೆ. ಅದರ ಹೆಸರು ಥಂಕಾ. ಪ್ರವಾಸಿಗರು ಅದರ ಚಿನ್ನವನ್ನೂ ದೇವತೆಗಳನ್ನೂ ನೋಡಿ ಹೋಗುತ್ತಾರೆ. ಕುಂಚ ಹಿಡಿಯುವವರು ನೋಡಬೇಕಾದದ್ದು ಅದರ ಬೆನ್ನನ್ನು.

1966ರಲ್ಲಿ ಶುರುವಾದ ಈ ನೆಲೆಗೆ ಟಿಬೆಟಿಯನ್ನರು ಇಟ್ಟ ಹೆಸರು ದೋಗುಲಿಂಗ್. ನಮ್ಮ ಜನರ ಬಾಯಲ್ಲಿ ಅದು ಬರೀ ‘ಕ್ಯಾಂಪ್’. ಲಾಸಾದ ಬಳಿ ತ್ಸೊಂಗ್‌ಖಾಪ 1409ರಲ್ಲಿ ಕಟ್ಟಿದ ಗಾಂದೆನ್ ಮಠ, ಆತನ ಶಿಷ್ಯ ಜಮ್ಯಾಂಗ್ ಚೋಜೆ 1416ರಲ್ಲಿ ಕಟ್ಟಿದ ದ್ರೆಪುಂಗ್ ಮಠ, ಇವೆರಡೂ ಹಿಮಾಲಯ ದಾಟಿ, ಬಂಗಾಳದ ಬಕ್ಸಾದಲ್ಲಿ ಕಷ್ಟದ ವರ್ಷಗಳನ್ನು ಕಳೆದು, ಕೊನೆಗೆ ಇಲ್ಲಿಯ ತೇಗ, ಮತ್ತಿ, ಬಿದಿರಿನ ಕಾಡಿನಂಚಿನಲ್ಲಿ ಮತ್ತೆ ಎದ್ದವು. ಗದ್ದೆ ಮಾಡಿದರು, ಗೋವಿನಜೋಳ ಬಿತ್ತಿದರು, ಪ್ರಾರ್ಥನಾ ಮಂದಿರ ಕಟ್ಟಿದರು. ಮಂದಿರ ಎದ್ದಲ್ಲಿ ಗೋಡೆಗೂ ಕಂಬಕ್ಕೂ ಚಿತ್ರ ಬೇಕು. ಹೀಗೆ ಒಣ ಚಳಿಯ ಎತ್ತರದ ನಾಡಿನಲ್ಲಿ ಹದಗೊಂಡ ಕೈಕೆಲಸವೊಂದು ಮಳೆನಾಡಿನ ಸೆರಗಿಗೆ ಬಂದು ಕೂತಿತು.

ಥಂಕಾದ ಬಟ್ಟೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸುವುದಿಲ್ಲ. ತೀರ ದಪ್ಪವಲ್ಲದ, ಒತ್ತು ನೇಯ್ಗೆಯ ಹತ್ತಿ ಬಟ್ಟೆಯ ನಾಲ್ಕು ಅಂಚಿಗೂ ಸಪೂರ ಬಿದಿರು ಕಡ್ಡಿಗಳನ್ನು ಹೊಲಿಯುತ್ತಾರೆ. ಆ ಕಡ್ಡಿಗಳಿಂದ ಹೊರಗಿನ ದೊಡ್ಡ ಮರದ ಚೌಕಟ್ಟಿಗೆ ಹುರಿಯನ್ನು ಅಂಕುಡೊಂಕಾಗಿ ಎಳೆದು ಕಟ್ಟುತ್ತಾರೆ. ಹೊರಸಿಗೆ ಹುರಿ ಬಿಗಿದ ಹಾಗೆ. ಹೊರಸು ಜೋತುಬಿದ್ದರೆ ಕಾಲ ಕಡೆಯ ಹುರಿ ಎಳೆದು ಸರಿ ಮಾಡಿಕೊಳ್ಳುವಂತೆ, ಇಲ್ಲಿಯೂ ಬಟ್ಟೆ ಸಡಿಲಾದರೆ ಎಳೆದು ಬಿಗಿಮಾಡಬಹುದು, ಬಿಗಿ ಹೆಚ್ಚಾದರೆ ಬಿಡಬಹುದು. ನಾವು ಅಂಗಡಿಯಿಂದ ತರುವ ಮೊಳೆ ಹೊಡೆದ ಕ್ಯಾನ್ವಾಸಿಗೆ ಈ ಅನುಕೂಲವಿಲ್ಲ; ಮೂಲೆಗೆ ಬೆಣೆ ತುರುಕುವುದೊಂದೇ ದಾರಿ. ಜೋಯಿಡಾದಂಥ ಊರಲ್ಲಿ ಕೂತು ಬಟ್ಟೆಯ ಮೇಲೆ ಕೆಲಸ ಮಾಡುವವರಿಗೆ ಈ ಹುರಿ ಕಟ್ಟುವ ರೀತಿಯೊಂದನ್ನೇ ಕಲಿತರೂ ಅರ್ಧ ತಲೆನೋವು ಕಳೆಯುತ್ತದೆ.

ಬಿಗಿದ ಬಟ್ಟೆಗೆ ಮೊದಲು ತೆಳ್ಳಗೆ ಸರೇಸಿನ ನೀರು. ಅದು ಆರಿದ ಮೇಲೆ ಅದೇ ಸರೇಸಿಗೆ ನುಣ್ಣನೆಯ ಬಿಳಿ ಮಣ್ಣು ಅಥವಾ ಸೀಮೆಸುಣ್ಣದ ಪುಡಿ ಕಲಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತಂದು, ಎರಡೂ ಕಡೆ ಬಳಿಯುತ್ತಾರೆ. ಬೆಳಕಿಗೆ ಹಿಡಿದು ಎಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿದೆ ನೋಡುತ್ತಾರೆ, ಅಲ್ಲಿ ಮತ್ತೆ ತುಂಬುತ್ತಾರೆ. ಆಮೇಲಿನದು ಉಜ್ಜುವ ಕೆಲಸ. ಬಟ್ಟೆಯ ಕೆಳಗೆ ಸಮನಾದ ಹಲಗೆ ಇಟ್ಟು, ಮೇಲೆ ತುಸು ಒದ್ದೆ ಮಾಡಿ, ನುಣುಪು ಕಲ್ಲಿನಿಂದಲೋ ಶಂಖದಿಂದಲೋ ಸುತ್ತು ಸುತ್ತಾಗಿ ತೀಡುತ್ತಾರೆ. ಒಂದು ಮುಖ ಮುಗಿದರೆ ಇನ್ನೊಂದು ಮುಖ. ನೇಯ್ಗೆಯ ಎಳೆ ಬೆರಳಿಗೆ ಸಿಗಬಾರದು, ಆದರೆ ಬಟ್ಟೆ ಸುರುಳಿ ಸುತ್ತುವಷ್ಟು ಮೆದುವಾಗಿಯೇ ಇರಬೇಕು. ಈ ಎರಡು ಬೇಡಿಕೆಗಳ ನಡುವೆ ಇರುವ ಜಾಗ ತುಂಬ ಕಿರಿದು. ಸರೇಸು ಹೆಚ್ಚಾದರೆ ಸುತ್ತುವಾಗ ನೆಲ ಹಪ್ಪಳದಂತೆ ಸೀಳುತ್ತದೆ. ಕಡಿಮೆಯಾದರೆ ಮೇಲೆ ಹಚ್ಚಿದ ಬಣ್ಣವೆಲ್ಲ ಕೈಗೆ ಬರುತ್ತದೆ.

ಇಲ್ಲಿ ಕನ್ನಡದ ಚಿತ್ರಕಾರರು ಒಂದು ಕ್ಷಣ ನಿಲ್ಲಬೇಕು. ಈ ಪಾಕ ನಮಗೆ ಹೊರಗಿನದಲ್ಲ. 1127ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಸಿದ್ಧ ಮಾಡುವ ಕ್ರಮ ವಿವರವಾಗಿದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವ ತನಕ ನೀರಿನಲ್ಲಿ ಬೇಯಿಸುವುದು, ಅದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸುವುದು, ಬೇಕೆಂದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕರಗಿಸಿ ಬಿಳಿ ಮಣ್ಣಿನೊಡನೆ ಕಲಸಿ ಗೋಡೆಗೆ ಮೂರು ಸಲ ಬಳಿಯುವುದು. ಆ ಅಂಟಿಗೆ ಗ್ರಂಥ ಕೊಡುವ ಹೆಸರು ವಜ್ರಲೇಪ. ನಮ್ಮ ಹಳೆಯ ಬಡಗಿಗಳು ಇದೇ ಅಂಟನ್ನು ಮರವಜ್ರ ಎನ್ನುತ್ತಿದ್ದರು. ಫೆವಿಕಾಲ್ ಬರುವ ತನಕ ಅವರ ಒಲೆಯ ಬದಿಯಲ್ಲಿ ಅದರ ಡಬ್ಬ ಇರುತ್ತಿತ್ತು, ವಾಸನೆಯೂ ಇರುತ್ತಿತ್ತು. ಕಲ್ಯಾಣದ ಅರಮನೆಯ ಪಾಕವೂ ಲಾಸಾದ ಮಠದ ಪಾಕವೂ ಅಕ್ಕತಂಗಿಯರು. ಒಂದು ಗೋಡೆಯ ಮೇಲೆ ಹೋಯಿತು, ಇನ್ನೊಂದು ಸುತ್ತಿ ಒಯ್ಯುವ ಬಟ್ಟೆಯ ಮೇಲೆ ಹೋಯಿತು. ನಮ್ಮಲ್ಲಿ ಮರೆತುಹೋದದ್ದು ಮುಂಡಗೋಡದಲ್ಲಿ ಬಳಕೆಯಲ್ಲಿದೆ ಎನ್ನುವುದು ನನಗೆ ಬಹಳ ದೊಡ್ಡ ಸಂಗತಿ.

ಹಾಗೆಂದು ಪಾಕವನ್ನು ಪುಸ್ತಕದಿಂದ ಎತ್ತಿ ಇಲ್ಲಿಯ ಮಳೆಯಲ್ಲಿ ಮಾಡಹೊರಟರೆ ಕೈ ಸುಟ್ಟುಕೊಳ್ಳುತ್ತೇವೆ. ನಾನು ಮೊದಲ ಸಲ ಸರೇಸಿನ ನೆಲ ಹಾಕಿದ್ದು ಆರಿದ್ರಾ ಮಳೆಯ ದಿನಗಳಲ್ಲಿ. ಹಚ್ಚಿದ್ದು ಆರಲಿಲ್ಲ. ಮೂರನೆಯ ದಿನಕ್ಕೆ ಬಿಳಿ ನೆಲದ ಮೇಲೆ ಬೂದು ಚುಕ್ಕಿ ಎದ್ದವು, ವಾರದೊಳಗೆ ಅವು ಹತ್ತಿಯ ಹಾಗೆ ಬೆಳೆದವು. ತಪ್ಪು ಎಲ್ಲಿದೆ ಎಂದು ತಿಳಿಯಲು ನನಗೆ ಎರಡು ಮಳೆಗಾಲ ಬೇಕಾದವು. ಸರೇಸು ಎಂದರೆ ಪ್ರೋಟೀನು, ಬೂಷ್ಟಿಗೆ ಅದು ಊಟ. ಹವೆಯ ತೇವ 70 ಪ್ರತಿಶತ ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳದೆ ಇರುವುದಿಲ್ಲ. ಟಿಬೆಟಿನ ಒಣಗಾಳಿಯಲ್ಲಿ ಈ ಶತ್ರು ಅಷ್ಟಾಗಿ ಕಾಡಿರಲಿಕ್ಕಿಲ್ಲ. ಇಲ್ಲಿ ಅವನು ಮನೆಯಲ್ಲೇ ಇದ್ದಾನೆ.

ಹಾಗಾಗಿ ಕೆಲವು ಮಾತು, ಕೆಲಸ ಮಾಡುವವರಿಗಾಗಿ. ಒಣ ಸರೇಸನ್ನು ರಾತ್ರಿ ನೆನೆಹಾಕಿ. ಒಂದು ಪಾಲು ಸರೇಸಿಗೆ 10ರಿಂದ 15 ಪಾಲು ನೀರು ಎಂದು ಶುರುಮಾಡಿ, ನಿಮ್ಮ ಸರೇಸಿನ ಜೋರು ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಬೆಳಗ್ಗೆ ಪಾತ್ರೆಯನ್ನು ನೇರ ಒಲೆಯ ಮೇಲಿಡದೆ ಬಿಸಿನೀರಿನ ಇನ್ನೊಂದು ಪಾತ್ರೆಯೊಳಗಿಟ್ಟು ಕರಗಿಸಿ. ಕೈ ಸುಡುವಷ್ಟು ಬಿಸಿ ಸಾಕು. ಕುದಿಸಿದರೆ ಅದರ ಹಿಡಿತ ಸತ್ತುಹೋಗುತ್ತದೆ. ತಣಿದಾಗ ಮೆತ್ತನೆ ಹಾಲುಬಾಯಿಯಂತೆ ಗಟ್ಟಿಯಾದರೆ ಹದ ಸರಿ. ಏಪ್ರಿಲ್‌ನ ಸೆಕೆಯಲ್ಲಿ ಸರಿಯಾದ ಸರೇಸೂ ಗಟ್ಟಿಯಾಗದೆ ನೀರಾಗಿಯೇ ಇರುವುದುಂಟು, ಆಗ ಗಾಬರಿಬಿದ್ದು ಮತ್ತಷ್ಟು ಸುರಿಯಬೇಡಿ. ಬೂಷ್ಟು ತಡೆಯಲು ಎರಡು ಹನಿ ಲವಂಗದೆಣ್ಣೆ. ನಮ್ಮ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಆದರೆ ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಎಲ್ಲಕ್ಕಿಂತ ಮುಖ್ಯ, ನೆಲ ಹಾಕುವ ಕೆಲಸಕ್ಕೆ ದೀಪಾವಳಿಯಿಂದ ಹೋಳಿಯ ತನಕದ ತಿಂಗಳುಗಳನ್ನು ಇಟ್ಟುಕೊಳ್ಳಿ. ಹತ್ತು ಬಟ್ಟೆ ಒಟ್ಟಿಗೆ ಸಿದ್ಧಮಾಡಿ ಸುತ್ತಿಟ್ಟರೆ ಮಳೆಗಾಲಕ್ಕೆ ರೇಖೆ ಬರೆಯುವ ಕೆಲಸ ಉಳಿಯುತ್ತದೆ.

ಒಂದೇ ಜಿಲ್ಲೆಯಾದರೂ ಒಂದೇ ಹವೆಯಲ್ಲ, ಇದನ್ನೂ ಹೇಳಬೇಕು. ಕ್ಯಾಸಲ್‌ರಾಕ್ ಇರುವ ಜೋಯಿಡಾದ ಪಶ್ಚಿಮ ಅಂಚಿನಲ್ಲಿ ಗೋಡೆಯೇ ನೀರು ಕಾರುತ್ತದೆ. ಹಳಿಯಾಳದ ಮೂಡಣ ಕಡೆ, ಮುಂಡಗೋಡದ ಮೂಡಣ ಕಡೆ ಬಯಲುಸೀಮೆಯ ಗಾಳಿ ಆಗಲೇ ಶುರುವಾಗಿರುತ್ತದೆ. ದಾಂಡೇಲಿ ಕಾಳಿ ನದಿಯ ತೇವದಲ್ಲಿ ಕೂತಿದೆ. ಹಳಿಯಾಳದವರ ಅಳತೆ ಜೋಯಿಡಾದವರಿಗೆ ಒಪ್ಪದು. ಕಾಗದದ ಮೇಲೆ ಬರೆಯುವವರೂ ಇದನ್ನು ನೆನಪಿಡಬೇಕು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದಾಗಿ ದಾಂಡೇಲಿ ಎಂದರೆ ಕಾಗದ ಎಂಬಂತಾಗಿದೆ. ಬರೆಯುವ, ಅಚ್ಚು ಹಾಕುವ ಕಾಗದ ಪೆನ್ಸಿಲ್ ಅಭ್ಯಾಸಕ್ಕೆ ಸಾಕು. ಜಲವರ್ಣಕ್ಕೆ ಹತ್ತಿಯ ತಿರುಳಿನ ಕಾಗದವೇ ಬೇಕು. ಮಳೆಗಾಲದಲ್ಲಿ ಅದನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಲ್ಲಿ ಇಡಬೇಕು.

ಹೊಸ ನಾಡಿನ ಹವೆಗೆ ತಲೆಬಾಗಿ ಸಾಮಗ್ರಿಯನ್ನೇ ಬದಲಿಸಿಕೊಂಡ ಉದಾಹರಣೆಯೂ ಟಿಬೆಟಿಯನ್ನರಲ್ಲಿದೆ. ಹೊಸವರ್ಷದ ಹೊತ್ತಿಗೆ ಮಠಗಳಲ್ಲಿ ಮಾಡುವ ಬೆಣ್ಣೆಯ ಹೂವು, ಬೆಣ್ಣೆಯ ಮೂರ್ತಿಗಳನ್ನು ಅಲ್ಲಿಯ ಚಳಿಯಲ್ಲಿ ಬೆರಳನ್ನು ತಣ್ಣೀರಿಗೆ ಅದ್ದಿ ಅದ್ದಿ ತಿದ್ದುತ್ತಿದ್ದರು. ಭಾರತದ ಸೆಕೆಗೆ ಬೆಣ್ಣೆ ನಿಲ್ಲದು. ಹಾಗಾಗಿ ಇಲ್ಲಿ ಡಾಲ್ಡಾಕ್ಕೆ ಮೇಣ ಬೆರೆಸಿ ಮಾಡುವ ರೂಢಿ ಬಂತು. ರೂಪ ಉಳಿಯಿತು, ಹದ ಬದಲಾಯಿತು. ಥಂಕಾದಲ್ಲೂ ಇಂದು ಅಂಗಡಿಯ ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಳಸುವವರಿದ್ದಾರೆ. ಡಬ್ಬದ ಅಕ್ರಿಲಿಕ್ ಬಿಳಿ ನೆಲ ಮಳೆಗೆ ಜಗ್ಗುವುದಿಲ್ಲ, ಸುತ್ತಿದರೆ ಸೀಳುವುದಿಲ್ಲ. ಅದನ್ನು ಬಳಸುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಅದು ಪ್ಲಾಸ್ಟಿಕ್ಕಿನ ಪೊರೆ. ಸುಣ್ಣದ ನೆಲ ಬಣ್ಣವನ್ನು ಒಳಗೆಳೆದುಕೊಳ್ಳುವಂತೆ ಅದು ಎಳೆದುಕೊಳ್ಳುವುದಿಲ್ಲ. ಥಂಕಾದ ಅತ್ಯಂತ ನಾಜೂಕಿನ ಕೆಲಸಕ್ಕೆ ಆ ಎಳೆತವೇ ಬೇಕು. ಅದಕ್ಕೆ ಬರುತ್ತೇನೆ.

ನೆಲವಾದ ಮೇಲೆ ಗೆರೆ. ಬಡಗಿ ನೂಲು ಹೊಡೆದಂತೆ ಬಣ್ಣದ ಪುಡಿ ಹಚ್ಚಿದ ದಾರ ಹೊಡೆದು ಮೊದಲು ಮೂಲೆಯಿಂದ ಮೂಲೆಗೆ ಎರಡು ಗೆರೆ, ಅವು ಕೂಡುವಲ್ಲಿ ನಡುವಿನ ಲಂಬ ಗೆರೆ. ಬುದ್ಧನ ಬೆನ್ನು ಆ ಗೆರೆಯ ಮೇಲೆ ನಿಲ್ಲುತ್ತದೆ. ಆಮೇಲೆ ಬೆರಳಳತೆಯ ಜಾಲ. ಅವರ ‘ಸೋರ್’ ಎಂದರೆ ನಮ್ಮ ಅಂಗುಲ. ನಿಂತ ಬುದ್ಧನಿಗೆ ಒಂದು ಪರಂಪರೆ 125 ಬೆರಳು ಎಂದರೆ ಇನ್ನೊಂದು 120 ಎನ್ನುತ್ತದೆ. ನಮ್ಮ ಶಿಲ್ಪಿಗಳ ತಾಳಮಾನ ಬಲ್ಲವರಿಗೆ ಇದು ಮನೆಯ ಲೆಕ್ಕ: ಒಂದು ತಾಳಕ್ಕೆ 12 ಅಂಗುಲ, ನವತಾಳಕ್ಕೆ 108, ದಶತಾಳಕ್ಕೆ 120. ಹದಿನೈದನೆಯ ಶತಮಾನದಲ್ಲಿ ಮೆನ್‌ರಿ ಶೈಲಿಯನ್ನು ಕಟ್ಟಿದ ಮೆನ್‌ಲಾ ದೊಂದ್ರುಬ್ ಈ ಅಳತೆಗಳ ಮೇಲೆ ಗ್ರಂಥವನ್ನೇ ಬರೆದ. ಅಳತೆ ಕೈಯನ್ನು ಕಟ್ಟಿಹಾಕುತ್ತದೆ ಎಂದು ಕಲಾಶಾಲೆಯ ಹುಡುಗರು ವಾದಿಸುತ್ತಾರೆ. ಆದರೆ ಮೋಡ, ಬೆಟ್ಟ, ನೀರು, ಹೂವು ಎಲ್ಲಿಯೂ ಅಳತೆ ಇಲ್ಲ, ಅಲ್ಲೆಲ್ಲ ಚಿತ್ರಕಾರನ ಕೈಯೇ ಆಡುವುದು. ಜಾಲ ಇರುವುದು ದೇವತೆಯ ಮೈಗೆ ಮಾತ್ರ.

ಬಣ್ಣಕ್ಕೆ ಕಲ್ಲು ಬೇಕು. ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಎರಡೂ ತಾಮ್ರದ ಅದಿರು. ಕೆಂಪಿಗೆ ಇಂಗಲೀಕ, ಕಿತ್ತಳೆಗೆ ಸಿಂಧೂರ, ಹಳದಿಗೆ ಹರಿದಾಳ, ಕಪ್ಪಿಗೆ ದೀಪದ ಮಸಿ. ಇಂಗಲೀಕವನ್ನು ಎಷ್ಟು ಅರೆದರೂ ಒಳ್ಳೆಯದೇ, ಅರೆದಷ್ಟೂ ಉಜ್ವಲ. ಅಜುರೈಟಿನ ಸ್ವಭಾವ ತಿರುಗಾಮುರುಗ. ಹರಳು ದಪ್ಪವಿದ್ದಷ್ಟೂ ನೀಲಿ ಗಾಢ, ಅರೆದಷ್ಟೂ ಅದು ಬಿಳಿಚಿಕೊಂಡು ಬೂದಿಯಾಗುತ್ತದೆ. ಆದ್ದರಿಂದ ಮೆಲ್ಲಗೆ ಕುಟ್ಟಿ, ನೀರಿನಲ್ಲಿ ಕದಡಿ, ತುಸು ಹೊತ್ತು ಬಿಟ್ಟು ಮೇಲಿನ ನೀರನ್ನು ಬೇರೆ ಬಟ್ಟಲಿಗೆ ಬಸಿಯುತ್ತಾರೆ. ತಳದಲ್ಲಿ ಉಳಿದದ್ದು ಗಾಢ ನೀಲಿ. ಎರಡನೆಯ ಬಟ್ಟಲಿನಲ್ಲಿ ಇಳಿದದ್ದು ನಡುನೀಲಿ. ಮೂರನೆಯದರಲ್ಲಿ ತಿಳಿನೀಲಿ. ಒಂದೇ ಕಲ್ಲಿನಿಂದ ಮೂರು ಬಣ್ಣ, ಒಂದು ಹನಿ ಬಿಳಿಯೂ ಬೆರೆಸದೆ.

ಈ ಬಸಿಯುವ ವಿದ್ಯೆಗೆ ಅಜುರೈಟ್ ಕೊಳ್ಳುವಷ್ಟು ದುಡ್ಡು ಬೇಕಿಲ್ಲ. ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ರಸ್ತೆಯ ಧರೆಯಿಂದ ಒಂದು ಮುಷ್ಟಿ ಕೆಮ್ಮಣ್ಣು ತನ್ನಿ. ನೀರಿನಲ್ಲಿ ಕದಡಿ, ಒಂದರಿಂದ ಹತ್ತರವರೆಗೆ ಎಣಿಸಿ, ಮೇಲಿನ ಕೆಂಪು ನೀರನ್ನು ಬಸಿಯಿರಿ. ಮರಳು ತಳದಲ್ಲಿ ಉಳಿಯುತ್ತದೆ. ಬಸಿದದ್ದನ್ನು ರಾತ್ರಿ ಇಟ್ಟರೆ ಬೆಳಗ್ಗೆ ತಳದಲ್ಲಿ ಬೆಣ್ಣೆಯಂಥ ಕೆಂಪು. ಒಣಗಿಸಿ ಅಂಟಿನಲ್ಲಿ ಅರೆದುಕೊಂಡರೆ ನೂರು ವರ್ಷ ಮಾಸದ ಬಣ್ಣ ಸಿಕ್ಕಿತು. ಕಬ್ಬಿಣದ ಕಾವಿಗೆ ಬಿಸಿಲಿನ ಹೆದರಿಕೆಯಿಲ್ಲ. ಬಿಳಿಗೆ ನಮ್ಮಲ್ಲಿ ಶೇಡಿ ಇದೆ. ಸಿದ್ದಾಪುರ, ಸಾಗರದ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಳಸುತ್ತಾರೆ. ಕುಂಚ ಪುಂಡಿ ನಾರಿನದು. ಅವರ ಗೆರೆಯಷ್ಟು ಸಪೂರ, ಅವರ ಗೆರೆಯಷ್ಟು ನೇರ ಗೆರೆಯನ್ನು ಅಂಗಡಿಯ ಕುಂಚದಲ್ಲಿ ಎಳೆಯಲು ನನಗೆ ಇನ್ನೂ ಆಗಿಲ್ಲ.

ಬಣ್ಣ ಹಚ್ಚುವ ಸರದಿಗೂ ಕ್ರಮವಿದೆ. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಆಕಾಶ, ಬೆಟ್ಟ, ನೀರು, ಆಮೇಲೆ ಬಟ್ಟೆ, ಆಸನ, ಕೊನೆಗೆ ಮೈಬಣ್ಣ. ಒಂದು ನೀಲಿ ಕಲಸಿದರೆ ಚಿತ್ರದಲ್ಲಿ ಆ ನೀಲಿ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಹಚ್ಚಿ ಮುಗಿಸುತ್ತಾರೆ, ಬೆಲೆಬಾಳುವ ಕಲ್ಲು ಒಣಗಿ ಹಾಳಾಗಬಾರದಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದವರಿಗೆ ಇಂಥ ಕ್ರಮದ ಬಲ ಗೊತ್ತಾಗುತ್ತದೆ. ಅವರು ಒಂದು ಅಂಚಿನಿಂದ ತುಂಡು ಬಟ್ಟೆ ಸೇರಿಸುತ್ತ, ಸುತ್ತು ಬರುತ್ತ, ನಡುವಿಗೆ ಮುಟ್ಟುತ್ತಾರೆ. ಮುಂಚೆ ನಕ್ಷೆ ಬರೆದಿರುವುದಿಲ್ಲ. ಸರದಿಯೇ ನಕ್ಷೆ.

ಈಗ ಆ ನಾಜೂಕಿನ ಕೆಲಸ. ಥಂಕಾದ ಆಕಾಶ ನೆತ್ತಿಯಲ್ಲಿ ಗಾಢವಾಗಿ, ಬೆಟ್ಟದ ಅಂಚಿಗೆ ಬರುವಾಗ ಹಾಲಿನಂತೆ ತಿಳಿಯಾಗಿರುತ್ತದೆ. ನಡುವೆ ಎಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹಸಿಯಿದ್ದಾಗಲೇ ಎರಡು ಬಣ್ಣ ಕಲೆಸಿದರೂ ನೆರಳು ಬರುತ್ತದೆ. ಆದರೆ ಅವರ ಹೆಮ್ಮೆಯ ವಿಧಾನ ಒಣ ನೆರಳು. ಅಜುರೈಟ್ ಹಚ್ಚಿ ಒಣಗಿದ ಮೇಲೆ, ನೀಲಿಗಿಡದ ತೆಳು ಸಾರಕ್ಕೆ ಕುಂಚದ ತುದಿ ತಾಗಿಸಿ, ಹೆಚ್ಚಿನದನ್ನು ಒರೆಸಿ, ಹೆಚ್ಚೂಕಡಿಮೆ ಒಣಗಿದ ಕುಂಚದಿಂದ ಚುಕ್ಕಿ ಚುಕ್ಕಿಯಾಗಿ ಇಡುತ್ತ ಹೋಗುವುದು. ಒಂದು ಸುತ್ತಿಗೆ ಏನೂ ಕಾಣದು. ಹತ್ತು ಸುತ್ತಿಗೆ ಮಂಜು ಕವಿದಂತೆ ಕಾಣುತ್ತದೆ. ಮೂವತ್ತು ಸುತ್ತಿಗೆ ಆಕಾಶಕ್ಕೆ ಆಳ ಬರುತ್ತದೆ. ಕೆಂಪು, ಗುಲಾಬಿಗಳಿಗೆ ಅರಗಿನ ಸಾರದಿಂದ ಇದೇ ಕೆಲಸ. ಪ್ರತಿ ಚುಕ್ಕಿಯ ತೇವವನ್ನೂ ಸುಣ್ಣದ ನೆಲ ಆ ಕ್ಷಣವೇ ಹೀರಿಕೊಳ್ಳಬೇಕು, ಇಲ್ಲದಿದ್ದರೆ ಹಿಂದಿನ ಚುಕ್ಕಿ ಕರಗಿ ಕಲೆಯಾಗುತ್ತದೆ. ಬಟ್ಟೆಗೆ ಕಲ್ಲು ತಿಕ್ಕುತ್ತ ಕಳೆದ ದಿನಗಳ ಫಲ ಇಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ. ಒಣ ನೆರಳು ಹಾಕುವಾಗ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಳ್ಳುವ ಅಭ್ಯಾಸ ಹಳಬರಲ್ಲಿದೆ. ನೀಲಿ ಗಿಡದ್ದು, ಅರಗು ಕೀಟದ್ದು. ಆದರೆ ಇಂಗಲೀಕ ಎಂದರೆ ಪಾದರಸ, ಸಿಂಧೂರ ಎಂದರೆ ಸೀಸ, ಹರಿದಾಳ ಎಂದರೆ ಆರ್ಸೆನಿಕ್. ಕುಂಚ ಬದಲಿಸಲು ಮರೆತ ಒಂದು ದಿನ ಸಾಕು. ಹೊಸದಾಗಿ ಕಲಿಯುವವರು ಪಕ್ಕದಲ್ಲಿ ಒದ್ದೆ ಹತ್ತಿ ಇಟ್ಟುಕೊಳ್ಳಿ, ಪುಡಿ ಅರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಮಾತನ್ನು ಗುರುಗಳ ಮೇಲಿನ ಗೌರವಕ್ಕೆ ಅಡ್ಡ ಎಂದು ಭಾವಿಸಬೇಡಿ.

ಸರೇಸು ಇಲ್ಲದೆಯೂ ಚಿತ್ರ ನಿಲ್ಲಿಸುವ ದಾರಿಯನ್ನು ನಮ್ಮ ಜಿಲ್ಲೆಯೇ ಕಂಡುಕೊಂಡಿತ್ತು. ಮುಂಡಗೋಡದಿಂದ ಶಿರಸಿಗೆ ಹೋದರೆ ಮಾರಿಕಾಂಬಾ ದೇವಸ್ಥಾನದ ಗೋಡೆಯ ಮೇಲೆ ಕಾವಿ ಚಿತ್ರಗಳಿವೆ. ಬೆಲ್ಲದ ನೀರಿನಲ್ಲಿ ಕೊಳೆಸಿದ ಸುಣ್ಣ, ಮರಳಿನ ಬಿಳಿ ಗಾರೆಯ ಮೇಲೆ ಕಾವಿಯ ತೆಳು ಪದರ ಹಾಕಿ, ಅದು ಹಸಿಯಿರುವಾಗಲೇ ಚೂಪು ಕಬ್ಬಿಣದಿಂದ ಕೆರೆದು ಕೆಳಗಿನ ಬಿಳಿಯನ್ನು ಎತ್ತುವುದು. ಇಲ್ಲಿ ಹಚ್ಚುವುದಕ್ಕಿಂತ ತೆಗೆಯುವುದೇ ಹೆಚ್ಚು. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಕಾವಿಯನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಬೂಷ್ಟಿಗೆ ತಿನ್ನಲು ಅಲ್ಲಿ ಚರ್ಮದ ಅಂಟಿಲ್ಲ. ಅಂಕೋಲಾ, ಕುಮಟಾ, ಗೋವೆಯ ಕರಾವಳಿಯ ಮಳೆಗೆ ಹೇಳಿ ಮಾಡಿಸಿದ ವಿದ್ಯೆ ಅದು. ಹಳೆಯ ದೇವಸ್ಥಾನಗಳನ್ನು ಸಿಮೆಂಟಿನಲ್ಲಿ ಮತ್ತೆ ಕಟ್ಟುವಾಗ ಎಷ್ಟೋ ಗೋಡೆಗಳು ಹೋದವು. ಉಳಿದಿರುವುದರ ಮೇಲೆ ಎಣ್ಣೆಬಣ್ಣ ಬಳಿಯದೆ ಬಿಟ್ಟರೆ ಅದೇ ದೊಡ್ಡ ಉಪಕಾರ.

ಥಂಕಾದಲ್ಲಿ ಕೊನೆಯ ಕೆಲಸಗಳು ಎರಡು. ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಗೆರೆ ಎಳೆಯುತ್ತಾರೆ. ಅದು ಮೊದಲು ಮಂಕಾಗಿ, ಅರಿಸಿನದ ಕಲೆಯ ಹಾಗೆ ಇರುತ್ತದೆ. ಬಟ್ಟೆಯ ಹಿಂದೆ ಹಲಗೆ ಕೊಟ್ಟು ಅಗೇಟ್ ಕಲ್ಲಿನ ಮೊನೆಯಿಂದ ತೀಡಿದಾಗ ಬೆಳಗುತ್ತದೆ. ಆಮೇಲೆ ಕಣ್ಣು ತೆರೆಯುವುದು. ನಮ್ಮ ಗಣಪತಿ ಮಾಡುವವರು ಚೌತಿಯ ಹಿಂದಿನ ದಿನ ಕಣ್ಣು ಬರೆಯುವಾಗ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರಲ್ಲ, ಅಂಥದೇ ಹೊತ್ತು ಅದು.

ಎಲ್ಲ ಮುಗಿದು ರೇಷ್ಮೆಯ ಅಂಚು ಹೊಲಿಯುವ ಮುನ್ನ ಬಟ್ಟೆಯನ್ನು ತಿರುವಿ, ದೇವತೆಯ ಹಣೆ, ಗಂಟಲು, ಎದೆ ಇರುವ ಜಾಗದ ಹಿಂಬದಿಗೆ ಓಂ, ಆಃ, ಹೂಂ ಎಂಬ ಮೂರು ಅಕ್ಷರ ಬರೆಯುತ್ತಾರೆ. ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ ಹಿಂಬದಿ ಅದು. ಗೋಡೆಗೆ ತೂಗುಹಾಕಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ.

ನನ್ನ ಮನೆಯ ಅಟ್ಟದಲ್ಲಿ ಈಗ ಮೂರು ಚೌಕಟ್ಟು ಇವೆ. ಹೊರಗೆ ಪುಷ್ಯ ಮಳೆ. ಬೆಳಗ್ಗೆ ಹೋಗಿ ಹುರಿ ಒಂದೊಂದು ಸುತ್ತು ಬಿಗಿ ಮಾಡಿ, ತಟ್ಟಿ, ಕಿವಿಗೊಟ್ಟು ಬರುತ್ತೇನೆ. ಇನ್ನೂ ಸದ್ದು ಬಂದಿಲ್ಲ. ಚಿತ್ತೆ, ಸ್ವಾತಿ ಕಳೆಯಲಿ.